ಹೊಲಿಗೆಗೆ ಬಿಟ್ಟ ಎರಡು ಬೆರಳು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಸಡಿಲಕ್ಕ ಎನ್ನುತ್ತಿದ್ದರು. ಬಟ್ಟೆ ಹೊಲಿಯುವವರು ಬೀದಿಗೊಬ್ಬರು ಸಿಗುತ್ತಾರೆ. ಹೊಲಿದದ್ದನ್ನು ಬಿಚ್ಚಿ, ಬದಲಾದ ಮೈಗೆ ಮತ್ತೆ ಒಗ್ಗಿಸಿ ಕೊಡುವವರು ಅಪರೂಪ. ಸಡಿಲಕ್ಕ ಅದನ್ನೇ ಕಸುಬು ಮಾಡಿಕೊಂಡವಳು. ಹೊಟ್ಟೆ ಬಂದವರ ಪ್ಯಾಂಟು, ಹೆರಿಗೆಯಾದವರ ಲಂಗ, ಒಂದೇ ರಜೆಯಲ್ಲಿ ಉದ್ದವಾಗಿಬಿಟ್ಟ ಮಕ್ಕಳ ಯೂನಿಫಾರ್ಮು, ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ಹೊಸ ಬಟ್ಟೆ ಹೊಲಿಯಲು ಕೊಟ್ಟರೂ ಅಷ್ಟೆ. ತೆಗೆದ ಅಳತೆಗೆ ಎರಡೂ ಬದಿ ಎರಡೆರಡು ಬೆರಳು ಸೇರಿಸಿ, ಹೆಚ್ಚಿದ್ದನ್ನು ಒಳಗೆ ಮಡಿಚಿ ಹೊಲಿಯುತ್ತಿದ್ದಳು.

"ಇಷ್ಟೊಂದು ಬಟ್ಟೆ ಒಳಗೆ ಯಾಕಕ್ಕ ಬಿಟ್ಟೆ?" ಎಂದು ಯಾರಾದರೂ ಕೇಳಿದರೆ, "ಇನ್ಮೇಲೂ ಹೀಗೇ ಇರ್ತೀನಿ ಅಂತ ಬರ್ಕೊಡ್ತೀಯಾ?" ಎನ್ನುತ್ತಿದ್ದಳು. ಯಾರೂ ಬರೆದುಕೊಟ್ಟದ್ದಿಲ್ಲ.

ಈ ಅಭ್ಯಾಸ ಒಂದು ಕೋಟಿನಿಂದ ಬಂದದ್ದು. ಕಸುಬು ಕಲಿತ ಮೊದಲ ಚಳಿಗಾಲದಲ್ಲಿ ತಾಯಿಗೆಂದು ಬೂದು ಬಣ್ಣದ ಉಣ್ಣೆ ಕೋಟು ಹೊಲಿದಿದ್ದಳು. ಅಳತೆ ಎಂದರೆ ಅಳತೆ, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮುಂದಿನ ಚಳಿಗಾಲಕ್ಕೆ ತಾಯಿ ತುಸು ದಪ್ಪಗಾದಳು. ಬಿಚ್ಚಿ ನೋಡಿದರೆ ಬಿಡಿಸಲು ಒಳಗೆ ಬಟ್ಟೆಯೇ ಇಲ್ಲ. ತಾಯಿ ಗುಂಡಿ ಹಾಕದೆ, ಎದೆಗೆ ಗಾಳಿ ಬಡಿಸಿಕೊಂಡು, ಅದನ್ನೇ ತೊಟ್ಟು ವರ್ಷಗಟ್ಟಲೆ ಕೆಲಸಕ್ಕೆ ಹೋದಳು. ಅದನ್ನು ನೋಡಿ ನೋಡಿ ಮಗಳ ಕೈಗೆ ಎರಡು ಬೆರಳು ಹೆಚ್ಚು ಹಿಡಿಯುವ ಚಟ ಅಂಟಿತು.

ಸಡಿಲಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ವಾರವಿಡೀ ಬಸ್ಸುಗಳನ್ನು ಬಿಚ್ಚುತ್ತಿದ್ದ. ರಜೆಯ ದಿನ ಬಿಚ್ಚಲು ಬಸ್ಸು ಸಿಗುತ್ತಿರಲಿಲ್ಲವಾದ್ದರಿಂದ ಮನೆಯನ್ನು ಬಿಚ್ಚುತ್ತಿದ್ದ. ಅವಳು ಮದುವೆಯಾಗಿ ಬಂದ ದಿನವೂ ಬಾಗಿಲ ಪಕ್ಕ ಸಿಮೆಂಟಿನ ಚೀಲ ನಿಂತಿತ್ತು. ಅವಳ ಮಗಳು ಕಾಲೇಜಿಗೆ ಹೋಗುವ ಹೊತ್ತಿಗೂ ನಿಂತಿತ್ತು, ಚೀಲ ಮಾತ್ರ ಬೇರೆ. ಮನೆ ಆಗಾಗ ಒಂದೊಂದು ಕಡೆ ಬೆಳೆದು, ಬೆಳೆದ ಗುರುತುಗಳನ್ನು ಹಾಗೇ ಉಳಿಸಿಕೊಂಡಿತ್ತು. ಬಚ್ಚಲಿನ ದೀಪದ ಸ್ವಿಚ್ಚು ಅಡುಗೆಮನೆಯಲ್ಲಿತ್ತು. ಒಂದು ಕಾಲದಲ್ಲಿ ಹೊರಗೆ ಬೀದಿ ತೋರಿಸುತ್ತಿದ್ದ ಕಿಟಕಿ ಈಗ ಅತ್ತೆಯ ಕೋಣೆಯಿಂದ ನಡುಮನೆಯನ್ನು ತೋರಿಸುತ್ತಿತ್ತು. ಅತ್ತೆ ಅದರ ಮೂಲಕವೇ ಟೀ ಕೇಳುತ್ತಿದ್ದರು. ಹಿತ್ತಲಲ್ಲಿ ಮಹಡಿಗೆಂದು ಕಟ್ಟಿದ ಮೆಟ್ಟಿಲು ಇತ್ತು, ಮಹಡಿ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಬರಿಯ ಆಕಾಶ. ಮಗಳು ಅದರ ಮೇಲೆ ಕೂತು ಓದುತ್ತಿದ್ದಳು.

"ನಿನ್ನ ಗಂಡ ಮನೆ ಯಾವಾಗ ಮುಗಿಸ್ತಾನೆ?" ಎಂದು ಗಿರಾಕಿಗಳು ಚುಚ್ಚುತ್ತಿದ್ದರು.

"ಮುಗಿದ್ರೆ ಅವರನ್ನ ಏನು ಮಾಡ್ಲಿ? ಭಾನುವಾರ ಎಲ್ಲಾ ಎದುರಿಗೆ ಕೂತಿರ್ತಾರೆ" ಎನ್ನುತ್ತಿದ್ದಳು ಸಡಿಲಕ್ಕ.

ಅತ್ತೆ ಒಂದು ಹಾಸ್ಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷ ನಡೆಸಿದವರು. ನೂರಾರು ಹುಡುಗರಿಗೆ ಒಟ್ಟಿಗೆ ಬಡಿಸುವಾಗ ಕೂಗಿ ಕೂಗಿ ಪಳಗಿದ ಗಂಟಲು. ಗುಟ್ಟು ಹೇಳುವಾಗಲೂ ಎದುರು ಮನೆಗೆ ಕೇಳುತ್ತಿತ್ತು. ಮನೆಯಲ್ಲಿ ಎಲ್ಲಿ ದೂಳು ಏಳುವುದಿಲ್ಲವೋ ಅಲ್ಲಿಗೆ ತಮ್ಮ ಬೆತ್ತದ ಕುರ್ಚಿ ಎತ್ತಿಕೊಂಡು ಹೋಗಿ ಕೂರುವುದು ಅವರ ರೂಢಿ. ಮಗ ಯಾವ ಗೋಡೆಗೆ ಕೈ ಹಾಕುತ್ತಾನೆಂಬುದು ಕುರ್ಚಿ ಎಲ್ಲಿದೆ ಎಂಬುದರಿಂದಲೇ ಗೊತ್ತಾಗುತ್ತಿತ್ತು.

ಹೀಗಿದ್ದ ಮನೆಗೆ ಸಡಿಲಕ್ಕನ ತಾಯಿ ಬರುವುದಾಯಿತು.

ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ಒಂದು ತೂತಿನಿಂದ ಇನ್ನೊಂದು ತೂತಿಗೆ ದಾಟಿಸುತ್ತ ಆಯುಷ್ಯ ಕಳೆದವಳು. ಕೇಳಿದ್ದನ್ನು ಕೇಳಿಲ್ಲ ಎಂಬಂತೆ ಇರುವುದು ಅವಳ ಉದ್ಯೋಗ. ನಿವೃತ್ತಿಯಾದ ಮೇಲೂ ಆ ಮುಖ ಬದಲಾಗಲಿಲ್ಲ. ಬಾಡಿಗೆಯ ಒಂಟಿ ಕೋಣೆಯಲ್ಲಿ ಅಚ್ಚುಕಟ್ಟಾಗಿ ಇದ್ದಳು. ಆ ಕಟ್ಟಡವನ್ನು ಕೆಡವುವುದೆಂದು ಮಾಲೀಕರು ಹೇಳಿದಾಗ ಸಡಿಲಕ್ಕನೇ ಹೋಗಿ, "ನಮ್ಮಲ್ಲಿಗೆ ಬಾ. ಹಿಂದುಗಡೆ ನಿನಗೇ ಅಂತ ಕೋಣೆ ಕಟ್ಟಿಸ್ತಿದ್ದೀವಿ" ಎಂದಳು.

"ಬಾಗಿಲು ಇರುತ್ತಾ?" ಎಂದಷ್ಟೇ ಕೇಳಿದಳು ತಾಯಿ.

"ಇರುತ್ತೆ."

"ಒಳಗಿನಿಂದ ಹಾಕ್ಕೊಳ್ಳೋಕೆ ಬರಬೇಕು."

"ಬರುತ್ತೆ ಕಣಮ್ಮ."

ಈ ಮಾತುಕತೆಯ ಹಿಂದೆ ಸಡಿಲಕ್ಕನಿಗೆ ಮಾತ್ರ ಗೊತ್ತಿದ್ದ ಒಂದು ಆಸೆ ಇತ್ತು. ಅವಳ ಬಾಲ್ಯದುದ್ದಕ್ಕೂ ತಾಯಿಗೆ ರಾತ್ರಿ ಪಾಳಿ. ಮಗಳು ಎದ್ದು ಶಾಲೆಗೆ ಹೊರಡುವಾಗ ತಾಯಿ ಬಂದು ಮಲಗುತ್ತಿದ್ದಳು. ಮಗಳು ಮಲಗುವಾಗ ತಾಯಿ ತಲೆ ಬಾಚಿ ಹೊರಡುತ್ತಿದ್ದಳು. ಒಂದೇ ಸೂರಿನ ಕೆಳಗೆ ಇಬ್ಬರೂ ಎಚ್ಚರವಾಗಿದ್ದ ಹೊತ್ತು ಕಡಿಮೆ. ಬೆಳೆದ ಮೇಲೆ ಮಗಳು ಮದುವೆಯಾಗಿ ಹೊರಟಳು. ತಾಯಿ ಎಂದರೆ ಸಡಿಲಕ್ಕನಿಗೆ ಹೊದಿಕೆ ಹೊದ್ದ ಬೆನ್ನು, ಗುಂಡಿ ಹಾಕದ ಕೋಟು, ಇವೇ. ಈಗಲಾದರೂ ಆಕೆ ಹಗಲಿನಲ್ಲಿ ಮನೆಯಲ್ಲಿ ಓಡಾಡಿಕೊಂಡಿರಲಿ ಎಂಬ ಆಸೆ ಅದು. ಇದನ್ನು ಬಾಯಿಬಿಟ್ಟು ಹೇಳುವ ರೂಢಿ ಆ ತಾಯಿಮಗಳ ನಡುವೆ ಇರಲಿಲ್ಲ. ಕೋಣೆ ಕಟ್ಟಿಸುವ ಮಾತಷ್ಟೇ ಆಡಿದಳು.

ಗೋಡೆ ಎದ್ದಿತು, ಮೇಲೆ ಸೂರು ಬಂತು, ಬಾಗಿಲಿಗೆಂದು ಜಾಗ ಬಿಟ್ಟದ್ದಾಯಿತು. ಒಂದು ಮಧ್ಯಾಹ್ನ ಬಡಗಿಯ ಫೋನು ಬಂತು. ಗಂಡ ಡಿಪೋದಲ್ಲಿದ್ದ. ಮನೆಯ ಮುಂಭಾಗದಲ್ಲೇ ಇದ್ದ ಅವಳ ಹೊಲಿಗೆ ಅಂಗಡಿಯಲ್ಲಿ ಒಬ್ಬ ದಪ್ಪನೆಯ ಗಿರಾಕಿ, ಅರ್ಧ ಅಳತೆ ಕೊಟ್ಟು ಕೈ ಮೇಲೆತ್ತಿಕೊಂಡೇ ನಿಂತಿದ್ದ.

"ಅಕ್ಕ, ಮರ ಸಿದ್ಧ ಇದೆ. ಬಾಗಿಲಿನ ಅಳತೆ ಹೇಳ್ಬಿಡಿ, ಇವತ್ತೇ ಕೊಯ್ದುಬಿಡ್ತೀನಿ. ಚೌಕಟ್ಟು, ಬಾಗಿಲು ಎರಡೂ ಒಟ್ಟಿಗೆ ತರ್ತೀನಿ."

"ತಾಳಪ್ಪ" ಎಂದು ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಹಿತ್ತಲಿಗೆ ಹೋದಳು. ಗುಂಡುಸೂಜಿ ಹಲ್ಲಿನಲ್ಲೇ ಇತ್ತು. ಗೋಡೆಯ ಈ ಅಂಚಿನಿಂದ ಆ ಅಂಚಿಗೆ ಟೇಪು ಹಿಡಿದು ಅಗಲ ನೋಡಿದಳು. ಅಂಗಡಿಯಿಂದ ಗಿರಾಕಿ, "ಅಕ್ಕೋ, ಕೈ ಇಳಿಸ್ಲಾ?" ಎಂದು ಕೂಗುತ್ತಿದ್ದ. ಫೋನಿಗೆ ಮರಳಿದಾಗ, ಕಣ್ಣು ಕಂಡ ಅಳತೆಗೆ ಅವಳ ಬಾಯಿ ತನ್ನಷ್ಟಕ್ಕೆ ತಾನೇ ಎರಡೂ ಬದಿಯ ಎರಡೆರಡು ಬೆರಳು ಸೇರಿಸಿ ಬಡಗಿಗೆ ಹೇಳಿತು. ಫೋನಿಟ್ಟು ಬಂದು ಗಿರಾಕಿಯ ಕೈ ಇಳಿಸಿದಳು. ಏನಾಯಿತೆಂದು ಅವಳಿಗೆ ತಿಳಿಯಲೇ ಇಲ್ಲ.

ಬಾಗಿಲು ಬಂದ ದಿನ ತಿಳಿಯಿತು.

ಬಡಗಿ ಮತ್ತು ಗಂಡ ಸೇರಿ ಚೌಕಟ್ಟನ್ನು ಗೋಡೆಗೆ ಹಿಡಿದರು. ಹೋಗಲಿಲ್ಲ. ಓರೆಮಾಡಿ ನೋಡಿದರು. ಹೋಗಲಿಲ್ಲ. ಬಡಗಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅಳೆದ. ಮತ್ತೊಮ್ಮೆ ಅಳೆದ. ಆಮೇಲೆ ಸಡಿಲಕ್ಕನ ಮುಖ ನೋಡಿದ.

"ಅಕ್ಕ, ನೀವು ಹೇಳಿದ ಅಳತೆ ಯಾವುದು?"

ಅವಳು ಹೇಳಿದಳು. ಹೇಳುತ್ತಿದ್ದಂತೆಯೇ ನಾಲಿಗೆ ಕಚ್ಚಿಕೊಂಡಳು.

"ಹೊಲಿಗೆಗೆ ಬಿಟ್ಟೆ" ಎಂದಳು ಸಣ್ಣ ದನಿಯಲ್ಲಿ.

"ಏನು?"

"ಎರಡೂ ಕಡೆ ಎರಡೆರಡು ಬೆರಳು. ಹೊಲಿಗೆಗೆ."

ಬಡಗಿ ಅಲ್ಲೇ ಇಟ್ಟಿಗೆಯ ಮೇಲೆ ಕೂತುಬಿಟ್ಟ. "ಅಲ್ಲಕ್ಕ, ಬಾಗಿಲೇನು ಮುಂದಿನ ವರ್ಷ ದಪ್ಪಗಾಗುತ್ತಾ, ಬಿಡಿಸ್ಕೊಳ್ಳೋಕೆ?"

ಮೆಟ್ಟಿಲ ಮೇಲಿದ್ದ ಮಗಳು ಪುಸ್ತಕದಲ್ಲಿ ಮುಖ ಮುಚ್ಚಿ ನಕ್ಕಳು. ಗಂಡ ನಗಲಿಲ್ಲ, ಸಿಡುಕಲೂ ಇಲ್ಲ. ಇಂಜಿನ್ನಿನ ಮುಂದೆ ನಿಂತಾಗ ಮಾಡುವಂತೆ ತಲೆ ಒಂದು ಕಡೆ ವಾಲಿಸಿ ನೋಡುತ್ತ, "ಬಾಗಿಲನ್ನೇ ಸ್ವಲ್ಪ ಕೊಯ್ದರೆ?" ಎಂದ.

"ಕೊಯ್ದರೆ ಅಂಚಿನ ಮರ ಹೋಗುತ್ತೆ. ಬೀಗ ಕೂರಿಸೋಕೆ ಜಾಗ ಉಳಿಯಲ್ಲ."

ಅಷ್ಟರಲ್ಲಿ ಅತ್ತೆ ಕುರ್ಚಿಯೊಂದಿಗೆ ಹಿತ್ತಲಿಗೆ ಬಂದಿದ್ದರು. "ಚೆನ್ನಾಯ್ತು! ಬೀಗಕ್ಕೂ ಜಾಗವಿಲ್ಲ, ಬೀಗಿತ್ತಿಗೂ ಜಾಗವಿಲ್ಲ" ಎಂದರು. ಎದುರು ಮನೆಯವರಿಗೂ ಕೇಳಿಸಿತು.

ಉಳಿದದ್ದು ಗೋಡೆಯನ್ನೇ ಅಗಲ ಮಾಡುವ ದಾರಿ. ಅದಕ್ಕೆ ಮೇಲಿನ ತೊಲೆಯನ್ನೂ ತೆಗೆದು ಉದ್ದದ್ದು ಹಾಕಬೇಕು. ಡಿಪೋದಲ್ಲಿ ಆ ತಿಂಗಳು ಕೆಲಸ ಜೋರು, ರಜೆಯೂ ಸಿಗುವಂತಿರಲಿಲ್ಲ. ಬಾಗಿಲು ನಡುಮನೆಯ ಗೋಡೆಗೆ ಒರಗಿ ನಿಂತಿತು. ಆ ಕಡೆ ಕಟ್ಟಡ ಕೆಡವುವವರು ಯಾರ ಬಾಗಿಲಿಗೂ ಕಾಯಲಿಲ್ಲ. ಒಂದು ಟ್ರಂಕು, ಒಂದು ಮಡಚುವ ಸ್ಟೂಲು ಹಿಡಿದು ತಾಯಿ ಬಂದಿಳಿದಳು. ಗೋಡೆಗೆ ಒರಗಿದ್ದ ಬಾಗಿಲನ್ನು ನೋಡಿದಳು.

"ಇದೇನಾ ನನ್ನ ಬಾಗಿಲು?"

"ಹೌದಮ್ಮ. ಸ್ವಲ್ಪ ದಿನ..."

"ಸರಿ" ಎಂದಳು ತಾಯಿ. ಬೇರೆ ಕರೆಗೆ ಲೈನು ಕೊಟ್ಟವಳಂತೆ ಅಲ್ಲಿಂದ ಸರಿದಳು.

ಸದ್ಯಕ್ಕೆಂದು ಅವಳ ಮಂಚವನ್ನು ಅತ್ತೆಯ ಕೋಣೆಗೆ ಹಾಕಿದರು. ಇಬ್ಬರು ಬೀಗಿತ್ತಿಯರು ಒಂದೇ ಕೋಣೆಯಲ್ಲಿ.

ಇಬ್ಬರೂ ಜಗಳಗಂಟಿಯರಲ್ಲ, ತೊಂದರೆ ಅದೇ. ಮದುವೆಯಾದಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಬೀಗರು. ಬೀಗರೆಂದರೆ ಮರ್ಯಾದೆ, ಮರ್ಯಾದೆ ಎಂದರೆ "ನೀವು". ವರ್ಷಕ್ಕೊಂದೆರಡು ಸಲ ಭೇಟಿಯಾದಾಗ ಅದು ಚೆಂದವಾಗಿಯೇ ನಡೆದಿತ್ತು. ಎರಡು ಮಂಚದ ನಡುವೆ ಒಬ್ಬರು ನಡೆಯುವಷ್ಟೇ ಜಾಗವಿರುವ ಕೋಣೆಯಲ್ಲಿ ಅದೇ ಮರ್ಯಾದೆ ಉಸಿರು ಕಟ್ಟಿಸತೊಡಗಿತು.

"ಬೀಗಿತ್ತಿಯವರೇ, ನೀರು ಕಾದಿದೆ. ನೀವು ಮೊದಲು ಸ್ನಾನ ಮುಗಿಸಿ."

"ಅಯ್ಯೋ, ಎಲ್ಲಾದ್ರೂ ಉಂಟಾ? ದೊಡ್ಡವರು, ನೀವು ಮೊದಲು."

"ಮನೆಗೆ ಬಂದವರು ನೀವು. ನೀವೇ ಮೊದಲು."

"ಪರವಾಗಿಲ್ಲ, ನಿಮ್ಮದಾಗಲಿ."

ಅಷ್ಟು ಹೊತ್ತಿಗೆ ನೀರು ಆರುತ್ತಿತ್ತು. ಸಡಿಲಕ್ಕ ಮತ್ತೆ ಕಾಯಿಸಬೇಕಿತ್ತು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದಕ್ಕೂ ಇದೇ. ಒಬ್ಬರಿಗೆ ಗಾಳಿ ಬೇಕು, ಒಬ್ಬರಿಗೆ ಬೇಡ. ಯಾರೂ ಹೇಳುವವರಿಲ್ಲ. ಊಟಕ್ಕೆ ಕೂತರೆ ಕೊನೆಯ ಬ್ರೆಡ್ಡಿನ ತುಂಡು ತಟ್ಟೆಯಿಂದ ತಟ್ಟೆಗೆ ಓಡಾಡಿ ಒಣಗುತ್ತಿತ್ತು. ಮಗಳು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡು, "ಅಜ್ಜಿ, ಫೋನಜ್ಜಿ, ನೀವಿಬ್ಬರೂ ಹೀಗೇ ಮರ್ಯಾದೆ ಮಾಡ್ತಾ ಇರಿ, ನಾನು ದಪ್ಪಗಾಗ್ತೀನಿ" ಎನ್ನುತ್ತಿದ್ದಳು. ಇಬ್ಬರೂ ನಯವಾಗಿ ನಗುತ್ತಿದ್ದರು. ಆ ನಗೆ ಕಂಡರೆ ಸಡಿಲಕ್ಕನಿಗೆ ಭಯವಾಗುತ್ತಿತ್ತು. ತೀರಾ ಬಿಗಿಯಾದ ಬಟ್ಟೆ ಹರಿಯುವ ಮುನ್ನ ಹೊಲಿಗೆಯ ಉದ್ದಕ್ಕೂ ಹೀಗೇ ನಯವಾಗಿ ಮಿನುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ತಾಯಿಯ ಟ್ರಂಕು ಮಂಚದ ಕಾಲ ಬಳಿ ಬೆಲ್ಟು ಬಿಗಿದುಕೊಂಡೇ ಇತ್ತು. ಬೇಕಾದಾಗ ಬಿಚ್ಚಿ, ಒಂದು ಬಟ್ಟೆ ತೆಗೆದು, ಮತ್ತೆ ಬಿಗಿಯುತ್ತಿದ್ದಳು. ಒಂದು ಬೆಳಗ್ಗೆ ಅಂಗಡಿಗೆ ಬಂದು, ಮಗಳು ಬಿಚ್ಚಿ ಹಾಕಿದ ದಾರದ ತುಂಡುಗಳನ್ನು ಆರಿಸುತ್ತ ಸ್ಟೂಲಿನ ಮೇಲೆ ಕೂತಳು.

"ಎಕ್ಸ್‌ಚೇಂಜಲ್ಲಿ ನನ್ನ ಪಕ್ಕ ಕೂರ್ತಿದ್ಲಲ್ಲ, ಅವಳಿಗೆ ಫೋನ್ ಮಾಡಿದ್ದೆ. ಅವಳ ಮನೇಲಿ ಒಂದು ಕೋಣೆ ಖಾಲಿ ಇದೆಯಂತೆ. ಈ ತಿಂಗಳು ಮುಗಿದ ಮೇಲೆ ಹೋಗ್ತೀನಿ."

ಸಡಿಲಕ್ಕನ ಕೈಯಲ್ಲಿದ್ದ ಕತ್ತರಿ ನಿಂತಿತು. "ಅದು ಬೇರೆ ಊರಲ್ವೇನಮ್ಮ?"

"ಹೌದು."

"ಕೋಣೆ ಆಗ್ತಾ ಇದೆ. ಇನ್ನೇನು, ಬಾಗಿಲೊಂದು..."

"ಬಾಗಿಲಿನ ಮಾತಲ್ಲ. ಬೀಗಿತ್ತಿಯವರಿಗೆ ನಾನು ಭಾರ. ಅವರು ಹೇಳಲ್ಲ, ಅಷ್ಟೆ. ಹೇಳದೇ ಇರೋದನ್ನ ಕೇಳಿಸ್ಕೊಂಡೇ ನನ್ನ ಸರ್ವೀಸ್ ಮುಗಿದದ್ದು."

ಸಡಿಲಕ್ಕ ಏನಾದರೂ ಹೇಳಬೇಕಿತ್ತು. ಇಲ್ಲೇ ಇರು, ನನಗೆ ನೀನು ಬೇಕು ಎಂದಿದ್ದರೆ ಸಾಕಿತ್ತು. ಅದರ ಬದಲು ಅವಳು, "ಎಲ್ಲಾ ನನ್ನ ಎರಡು ಬೆರಳಿಂದ" ಎಂದಳು. ತಾಯಿ ಆರಿಸಿದ ದಾರಗಳನ್ನು ಉಂಡೆಮಾಡಿ ಮೇಜಿನ ಮೇಲಿಟ್ಟು ಎದ್ದು ಹೋದಳು. ಅಂದಿನಿಂದ ಸಡಿಲಕ್ಕ ಸರಿಯಾಗಿ ಊಟ ಮಾಡಲಿಲ್ಲ. ನಡುಮನೆ ದಾಟುವಾಗಲೆಲ್ಲ ಒರಗಿದ್ದ ಬಾಗಿಲು ಭುಜಕ್ಕೆ ತಾಗುತ್ತಿತ್ತು.

ಗಂಡನಿಗೆ ಹೇಳಿದಳು. ಅವನು ಮಾತಿನ ಮನುಷ್ಯನಲ್ಲ. ಡಿಪೋದಲ್ಲಿ ಯಾರ ಕಾಲು ಹಿಡಿದನೋ, ಆ ಭಾನುವಾರ ರಜೆ ತಂದ. ಬೆಳಗ್ಗೆಯೇ ಹಿತ್ತಲಿಗೆ ಹೋಗಿ, ಸೂರಿಗೆ ಎರಡು ಕಂಬ ಆನಿಸಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡೂ ಬದಿ ಗೆರೆ ಎಳೆದ. ಸುತ್ತಿಗೆ ಎತ್ತಿದ. ಸಡಿಲಕ್ಕ ನೆಲಕ್ಕೆ ಗೋಣಿಚೀಲ ಹಾಸುತ್ತಿದ್ದಳು. ಮಗಳು ಮೆಟ್ಟಿಲ ಮೇಲಿದ್ದಳು. ಅತ್ತೆ, ಎಂದೂ ಇಲ್ಲದ್ದು, ದೂಳು ಏಳುವ ಕಡೆಗೇ ಕುರ್ಚಿ ತಂದು ಕೂತಿದ್ದರು.

ತಾಯಿ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. "ಅಳಿಯಂದಿರೇ, ಗೋಡೆ ಒಡೀಬೇಡಿ. ಬೀಗ ಇಲ್ದಿದ್ರೂ ನಡೆಯುತ್ತೆ, ಬಾಗಿಲನ್ನೇ ಕೊಯ್ಸಿ. ನಾನು ಹೇಗಿದ್ರೂ ಹೊರಡೋಳು. ನನಗೋಸ್ಕರ ನಿಮ್ಮ ಮನೆ ಗೋಡೆ ಯಾಕೆ ಒಡೀಬೇಕು?"

ಅಳಿಯ ಸುತ್ತಿಗೆ ಎತ್ತಿದ ಕೈ ಹಾಗೇ ನಿಲ್ಲಿಸಿದ. ಮಾತಾಡಿದ್ದು ಅತ್ತೆ.

"ನಿಮ್ಮ ಮನೆ ಅಂದ್ರೆ?"

"ಅಂದ್ರೆ ನಿಮ್ಮದು, ಬೀಗಿತ್ತಿಯವರೇ."

"ಹಾಗಾದ್ರೆ ಇಷ್ಟು ದಿನ ನೀವಿದ್ದದ್ದು ಎಲ್ಲಿ? ಲಾಡ್ಜಲ್ಲಾ?"

"ಲಾಡ್ಜಾಗಿದ್ರೆ ಕೋಣೆಗೆ ಬಾಗಿಲಿರ್ತಿತ್ತು" ಎಂದಳು ತಾಯಿ, ದನಿ ಏರಿಸದೆ.

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಹಾಸ್ಟೆಲಿನ ಗಂಟಲು ತೆರೆಯಿತು.

"ಬಾಗಿಲು, ಬಾಗಿಲು, ಬಾಗಿಲು! ಬಾಗಿಲು ಹಾಕ್ಕೊಂಡು ಒಳಗೆ ಕೂತು ಏನು ಮಾಡ್ತೀಯ ನೀನು? ಹೋಗೋಕೆ ಮನಸ್ಸಿದ್ರೆ ಹೋಗು, ತಪ್ಪನ್ನ ಬಾಗಿಲ ಮೇಲೆ ಯಾಕೆ ಹಾಕ್ತೀಯ? ಎರಡು ಬೆರಳು ಹೆಚ್ಚು ಹೇಳಿದೆ ಅಂತ ನಿನ್ನ ಮಗಳು ಅನ್ನ ಬಿಟ್ಟು ಒಣಗ್ತಾ ಇದಾಳೆ. ಅದು ಕಾಣ್ಸಲ್ಲ ನಿನಗೆ. ಎಲ್ಲಾ ಕೇಳಿಸ್ಕೊಂಡು ಏನೂ ಕೇಳಿಸಿಲ್ಲ ಅಂತ ಕಲ್ಲು ಹಾಗೆ ಕೂತಿರ್ತೀಯ!"

ಎದುರು ಮನೆಯವರು ರೇಡಿಯೋ ಆರಿಸಿದರು. ಅತ್ತೆ ಆಡಿದ ಮಾತಿಗಿಂತ ಅದರೊಳಗಿನ "ನೀನು" ಎಲ್ಲರ ಕಿವಿಗೂ ಬಡಿದಿತ್ತು. ಆಡಿದವರಿಗೇ ಮೊದಲು ಬಡಿದಿರಬೇಕು. ಅತ್ತೆಯ ಬಾಯಿ ತೆರೆದೇ ಇತ್ತು. ಇಷ್ಟು ವರ್ಷದ ಬೀಗತನದಲ್ಲಿ ಯಾರ ಬಾಯಲ್ಲೂ ಬಾರದ ಮಾತು. ಗಂಡ ಸುತ್ತಿಗೆಯನ್ನು ಮೆಲ್ಲನೆ ನೆಲಕ್ಕಿಟ್ಟ. ಸಡಿಲಕ್ಕ ಗೋಣಿಚೀಲದ ತುದಿ ಹಿಡಿದು ಬಗ್ಗಿದವಳು ಬಗ್ಗಿಯೇ ಇದ್ದಳು. ಮುಗಿಯಿತು, ಅಮ್ಮ ಈಗಲೇ ಟ್ರಂಕು ಎತ್ತುತ್ತಾಳೆ ಎಂದುಕೊಂಡಳು.

ತಾಯಿ ಬೀಗಿತ್ತಿಯನ್ನು ನೋಡುತ್ತ ನಿಂತಳು. ಆಮೇಲೆ, ತಡವಾಗಿ ಸಿಕ್ಕ ದೂರದೂರಿನ ಟ್ರಂಕ್ ಕಾಲ್‌ಗೆ ಉತ್ತರ ಕೊಡುವಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು.

"ನೀನು ಗೊರಕೆ ಹೊಡೀತೀಯ."

"ಏನು?"

"ಬಂದ ದಿನದಿಂದ ಕೇಳ್ತಾ ಇದೀನಿ. ನನ್ನ ಸರ್ವೀಸಲ್ಲೇ ಯಾವ ಲೈನಲ್ಲೂ ಅಂಥ ಸದ್ದು ಕೇಳಿಲ್ಲ."

"ನಾನು? ಗೊರಕೆ? ಹಾಗಿದ್ರೆ ಆವತ್ತೇ ಹೇಳೋಕೆ ಏನಾಗಿತ್ತು ನಿನಗೆ?"

"ಬೀಗಿತ್ತಿಗೆ ಹೇಗೆ ಹೇಳೋದು, ಗೊರಕೆ ಹೊಡೀತೀರಿ ಅಂತ?"

"ಹಾಗಾದ್ರೆ ನಂದೂ ಕೇಳು. ನಿನಗೆ ಗಾಳಿ ಬೇಕು ಅಂತ ನೀನು ಹೇಳಲ್ಲ. ಮುಖ ಮಾತ್ರ ಕಿಟಕಿ ಕಡೆ ತಿರುಗಿಸ್ಕೊಂಡು ಹುತಾತ್ಮಳ ಹಾಗೆ ಮಲಗ್ತೀಯ. ತೆಗೆದ್ರೆ ನನಗೆ ನೆಗಡಿ, ಮುಚ್ಚಿದ್ರೆ ನನಗೆ ಪಾಪ!"

"ತೆಗಿ ಅಂತ ನಾನು ಕೇಳಿದ್ನಾ?"

"ಕೇಳಲ್ಲ, ಅದೇ ರೋಗ! ಕೇಳಿದ್ರೆ ಬೇಡ ಅಂತ ಹೇಳೋ ಸುಖನಾದ್ರೂ ನನಗೆ ಸಿಗ್ತಿತ್ತು."

"ಕಟ್ಟಿಸಿದ ಹಲ್ಲು ಹಾಕೋ ಲೋಟ ನನ್ನ ಕನ್ನಡಕದ ಪಕ್ಕ ಯಾಕಿಡ್ತೀಯ ನೀನು?"

"ನಿನ್ನ ಕನ್ನಡಕ ನನ್ನ ಕಪಾಟಿನ ಮೇಲೆ ಯಾಕಿದೆ?"

ಅಷ್ಟು ದಿನ "ನೀವು ಮೊದಲು, ನೀವು ಮೊದಲು" ಎಂದು ತಡೆದಿಟ್ಟದ್ದೆಲ್ಲ ಹೊರಬಿತ್ತು. ಬಕೆಟ್ಟು ಬೋರಲು ಹಾಕದ್ದು, ಚಪ್ಪಲಿ ಅಡ್ಡ ಬಿಟ್ಟದ್ದು, ಟೀಗೆ ಸಕ್ಕರೆ ಹೆಚ್ಚಾದರೂ ಚೆನ್ನಾಗಿದೆ ಎಂದು ಕುಡಿದದ್ದು, ಸಡಿಲಕ್ಕನ ಮದುವೆಯಂದು ಯಾರು ಯಾರನ್ನು ನೋಡಿಯೂ ನೋಡದ ಹಾಗೆ ಹೋದರು ಎಂಬುದು, ಒಂದೊಂದಾಗಿ ಹಿತ್ತಲಿಗೆ ಬಂದವು. ಮೊಮ್ಮಗಳು ಒಂದು ಮೆಟ್ಟಿಲು ಕೆಳಗಿಳಿದು ಚೆನ್ನಾಗಿ ಕೇಳುವಂತೆ ಕೂತಳು. ಒಂದು ಹಂತದಲ್ಲಿ ಸಡಿಲಕ್ಕ, "ಅಮ್ಮ, ಸಾಕು. ಅತ್ತೆ, ನೀವಾದ್ರೂ..." ಎಂದು ನಡುವೆ ಹೋದಳು.

"ನೀನು ಸುಮ್ನಿರು!" ಎಂದರು ಇಬ್ಬರೂ ಒಟ್ಟಿಗೆ.

ಗಂಡ ಅವಳನ್ನು ನೋಡಿದ. "ಒಡೀಲಾ?" ಎಂದು ಕಣ್ಣಲ್ಲೇ ಕೇಳಿದ. ಅವಳು ತಲೆಯಾಡಿಸಿದಳು. ಜಗಳ ನಡೆಯುತ್ತಿದ್ದಂತೆಯೇ ಸುತ್ತಿಗೆಯ ಪೆಟ್ಟು ಬಿತ್ತು. ಇಬ್ಬರು ಮುದುಕಿಯರೂ ಸುತ್ತಿಗೆಗಿಂತ ಎತ್ತರದ ದನಿಗೆ ಏರಿದರು. ತಾಯಿಯ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ಅದನ್ನು ಹೊಟ್ಟೆಯೊಳಗಿಂದ ಕೇಳಿದ್ದ ಸಡಿಲಕ್ಕನಿಗೂ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಗೋಡೆಯ ಒಂದು ಬದಿ ಬಿದ್ದಿತ್ತು, ಇಬ್ಬರ ಗಂಟಲೂ ಬಿದ್ದಿತ್ತು. ಕೊನೆಯ ಬ್ರೆಡ್ಡಿನ ತುಂಡನ್ನು ತಾಯಿ ಯಾರನ್ನೂ ಕೇಳದೆ ಎತ್ತಿಕೊಂಡಳು. ಅತ್ತೆ ಅದನ್ನು ಅರ್ಧ ಮುರಿದು ತೆಗೆದುಕೊಂಡರು.

ಸಂಜೆ ತಾಯಿ ನಡುಮನೆಯ ಫೋನಿನ ಹತ್ತಿರ ಸ್ಟೂಲು ಹಾಕಿ ಕೂತಳು. ಗಂಟಲು ಕರಕರ ಎನ್ನುತ್ತಿದ್ದರೂ ಕೂತ ಭಂಗಿ ಡ್ಯೂಟಿಯದು. ಸಡಿಲಕ್ಕ ಅಂಗಡಿಯಲ್ಲಿ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. ಬೇರೆಯವರ ಮಾತು ಕೇಳಿಸಿಕೊಳ್ಳಬಾರದು ಎಂದು ಕಲಿಸಿ ಬೆಳೆಸಿದ ತಾಯಿಯ ಮಾತನ್ನೇ ಕಿವಿಗೊಟ್ಟು ಕೇಳಿದಳು.

"ಹಲೋ. ನಾನೇ. ನೋಡು, ನಾನು ಬರಲ್ಲ... ಇಲ್ಲ, ಆರೋಗ್ಯಕ್ಕೇನಾಗಿಲ್ಲ. ಇಲ್ಲಿ ಜಗಳ ಶುರುವಾಗಿದೆ... ಹೌದು, ದೊಡ್ಡದೇ. ಅರ್ಧಕ್ಕೆ ಬಿಟ್ಟು ಬರೋ ಹಾಗಿಲ್ಲ."

ಒಳಗಿನ ಕಿಟಕಿಯಿಂದ ಅತ್ತೆಯ ದನಿ ಬಂತು. "ಯಾರಿಗೆ ದೂರು ಹೇಳ್ತಿದೀಯ?"

"ನಿನಗ್ಯಾಕೆ? ನಿನ್ನ ಗೊರಕೆ ನೀನು ನೋಡ್ಕೊ" ಎಂದಳು ತಾಯಿ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು.

ಸಡಿಲಕ್ಕ ಮತ್ತೆ ಮಿಷನ್ ತುಳಿದಳು. ದಾರ ಹರಿದಿತ್ತು, ಗಮನಿಸದೆ ಬಹಳ ದೂರ ಬರಿಯ ಸೂಜಿಯನ್ನೇ ಓಡಿಸಿದಳು.

ಹೊಸ ತೊಲೆ ಬರಲು, ಚೌಕಟ್ಟು ಕೂರಲು ಇನ್ನೂ ಕೆಲವು ಭಾನುವಾರಗಳು ಬೇಕಾದವು. ಬಾಗಿಲು ಬೀದಿಯಲ್ಲೇ ಅಗಲವಾದದ್ದು ಎಂದು ಬಡಗಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ, ಅಳತೆ ತಾನೇ ಕೊಟ್ಟವನ ಹಾಗೆ. ತಾಯಿ ತನ್ನ ಕೋಣೆಗೆ ಹೋದಳು. ಒಳಗಿನಿಂದ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ಪರೀಕ್ಷಿಸಿ, "ಸರಿಯಿದೆ" ಎಂದಳು. ಆಮೇಲೆ ಹಗಲೆಲ್ಲ ಅದನ್ನು ತೆರೆದೇ ಇಟ್ಟಳು. ಅತ್ತೆ ಬೆತ್ತದ ಕುರ್ಚಿಯನ್ನು ಬಾಗಿಲಿಗೆ ತಂದು ಕೂರುತ್ತಿದ್ದರು. ಎರಡು ಕುರ್ಚಿ ಅಕ್ಕಪಕ್ಕ ಹಿಡಿಯುವಷ್ಟೇನೂ ಅಗಲವಿರಲಿಲ್ಲ. ಒಬ್ಬರು ಒಳಗೆ, ಒಬ್ಬರು ಹೊರಗೆ ಕೂತು ಬಿಟ್ಟಲ್ಲಿಂದ ಜಗಳ ಮುಂದುವರಿಸುತ್ತಿದ್ದರು. ಸ್ನಾನಕ್ಕೆ ಯಾರು ಮೊದಲು ಎದ್ದರೋ ಅವರೇ ಮೊದಲು. ನೀರು ಆರುವುದು ನಿಂತಿತು.

ಒಂದು ದಿನ ಸಡಿಲಕ್ಕ ಕೋಣೆಗೆ ಹೋದಾಗ ಟ್ರಂಕು ಖಾಲಿಯಾಗಿತ್ತು. ಬಟ್ಟೆಗಳೆಲ್ಲ ಗೂಟಕ್ಕೆ, ಕಪಾಟಿಗೆ ಹೋಗಿದ್ದವು. ತಾಯಿಯ ತೊಡೆಯ ಮೇಲೆ ಬೂದು ಬಣ್ಣದ ಹಳೆಯ ಕೋಟು ಇತ್ತು.

"ಇದನ್ನ ಏನಾದ್ರೂ ಮಾಡೋಕಾಗುತ್ತಾ? ಚಳಿ ಶುರುವಾಗುತ್ತೆ."

ಸಡಿಲಕ್ಕ ಕೋಟನ್ನು ತಿರುಗಿಸಿ ಹೊಲಿಗೆ ನೋಡಿದಳು. ತನ್ನ ಕೈಯದೇ, ಆದರೂ ಗುರುತು ಸಿಗದಷ್ಟು ಬಿಗಿ. "ಒಳಗೆ ಬಟ್ಟೆ ಇಲ್ಲಮ್ಮ. ಪಕ್ಕಕ್ಕೆ ಬೇರೆ ಪಟ್ಟಿ ಸೇರಿಸ್ಬೇಕು. ಬಣ್ಣ ಸೇರಲ್ಲ. ತೇಪೆ ಅಂತ ಎಲ್ಲರಿಗೂ ಕಾಣುತ್ತೆ."

"ಕಾಣ್ಲಿ" ಎಂದಳು ತಾಯಿ. "ಗುಂಡಿ ಹಾಕೋಕೆ ಬಂದ್ರೆ ಸಾಕು. ಇರು, ಅಳತೆ ತಗೋ."

ತಾಯಿ ಎದ್ದು ಕೈ ಮೇಲೆತ್ತಿದಳು. ಹಗಲಿನ ಬೆಳಕು ಅಗಲವಾದ ಬಾಗಿಲಿನಿಂದ ಧಾರಾಳವಾಗಿ ಬೀಳುತ್ತಿತ್ತು. ಸಡಿಲಕ್ಕ ಟೇಪನ್ನು ತಾಯಿಯ ಬೆನ್ನ ಸುತ್ತ ತಂದು ಎದೆಯ ಮೇಲೆ ಹಿಡಿದಳು. ತಾಯಿಯನ್ನು ಹಾಗೆ ಕೈಯೊಳಗೆ ಹಿಡಿದು ಎಷ್ಟು ಕಾಲವಾಗಿತ್ತೋ. ಅಳತೆ ಓದಿಕೊಳ್ಳಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದಳು. ತಾಯಿಯೂ ಕೈ ಇಳಿಸಲಿಲ್ಲ.

ಹಿತ್ತಲಿನಿಂದ ಗಂಡ ಕೂಗಿದ. ಮೆಟ್ಟಿಲ ತುದಿಗೆ ಕೊನೆಗೂ ಒಂದು ಮಹಡಿ ಕೋಣೆ ಎತ್ತುವ ಯೋಚನೆ ಅವನಿಗೆ ಬಂದಿತ್ತು, ಸಿಮೆಂಟಿನ ಚೀಲವೂ ಬಂದಿತ್ತು. "ಏ, ಇಲ್ಲಿ ಬಂದು ಕಿಟಕಿಗೆ ಅಳತೆ ನೋಡು. ಹೊಲಿಗೆಗೆ ಅಂತ ಸೇರಿಸದೆ ಹೇಳು ಮತ್ತೆ!"

"ಸೇರಿಸೇ ಹೇಳು" ಎಂದರು ಬಾಗಿಲಲ್ಲಿ ಕೂತಿದ್ದ ಅತ್ತೆ, ಎದುರು ಮನೆಗೂ ಕೇಳುವಂತೆ. "ನಿನ್ನಮ್ಮನಿಗೆ ಗಾಳಿ ಸಾಲಲ್ಲ."